ನರ ಮರಳಿ ಬೆಳೆಯುವ ಕಾಲ ಬರಲಿ, ಅಲ್ಲಿಯವರೆಗೆ ದೇಹ ಉಳಿಸುವ ಘಟಕ ನಮ್ಮ ಭಾಗದಲ್ಲೇ ಆಗಲಿ

ಮಾನ್ಯ ಸಂಪಾದಕರೇ,

ಬೆನ್ನುಹುರಿಯಲ್ಲಿ ಕಡಿದ ನರಗಳನ್ನು ಮತ್ತೆ ಬೆಳೆಸುವ ಸಂಶೋಧನೆಯ ಬಗ್ಗೆ ತಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಇತ್ತೀಚೆಗೆ ಪ್ರಕಟವಾದ ಬರಹವನ್ನು ಓದಿದೆ. ಬರಹ ಎಚ್ಚರಿಕೆಯಿಂದಲೇ ಕೂಡಿತ್ತು. ತಲೆಬರಹ ಮಾತ್ರ ಬರಹಕ್ಕಿಂತ ಬಹಳ ಮುಂದೆ ಓಡಿತ್ತು. ಸಿಂಧನೂರು, ಕಾರಟಗಿ, ಗಂಗಾವತಿ ಸುತ್ತಮುತ್ತ ಬಹಳ ಕಾಲದಿಂದ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿರುವ ನನ್ನ ಬಳಿಗೆ ಆ ತುಣುಕನ್ನು ಕತ್ತರಿಸಿಕೊಂಡು ಬಂದ ರೈತರೊಬ್ಬರು, ‘ಸರ, ನರ ಮತ್ತ ಬೆಳಿತಾವಂತ, ಪೇಪರ್‌ನ್ಯಾಗ ಬಂದೈತಿ. ಎರಡೆಕರೆ ಮಾರಿದ್ರ ಆಕ್ಕೈತೇನ್ರಿ?’ ಎಂದು ಕೇಳಿದರು. ಟ್ರ್ಯಾಕ್ಟರ್ ಮಗುಚಿ ಅವರ ಮಗನಿಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿದೆ. ಇಂಥ ಮನೆಗಳು ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಸಾಕಷ್ಟಿವೆ. ಅವರಿಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಿ ಕಳಿಸುವುದು ನ್ಯಾಯವಲ್ಲವೆಂದು ತಿಳಿದು ಈ ದೀರ್ಘ ಪತ್ರವನ್ನು ಬರೆಯುತ್ತಿದ್ದೇನೆ.

ಕೈ ಅಥವಾ ಕಾಲಿನ ನರ ಕಡಿದಾಗ ಅದರ ತುದಿಗಳನ್ನು ಸರಿಯಾಗಿ ಜೋಡಿಸಿದರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಮತ್ತೆ ಬೆಳೆಯುತ್ತದೆ. ಕುಡುಗೋಲು ತಾಗಿ ಮಣಿಕಟ್ಟಿನ ನರ ಕಡಿದುಕೊಂಡವರ ಬೆರಳಿಗೆ ಕೆಲವು ತಿಂಗಳ ನಂತರ ಸ್ಪರ್ಶ ಮರಳುವುದನ್ನು ನಮ್ಮ ಭತ್ತದ ಸೀಮೆಯ ವೈದ್ಯರು ಕಂಡಿರುತ್ತಾರೆ. ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಸ್ಥಿತಿ ಹಾಗಲ್ಲ; ವಯಸ್ಕರಲ್ಲಿ ಅವು ತುಂಡಾದರೆ ಸ್ವಲ್ಪ ಮಿಸುಕಾಡಿ ಅಲ್ಲೇ ಮೊಂಡಾಗಿ ನಿಲ್ಲುತ್ತವೆ. 1906ರಲ್ಲಿ ನೊಬೆಲ್ ಪಡೆದ ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಅವರು ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ದಾಖಲಿಸಿದ ಮೇಲೆ, ಅದು ಬದಲಾಗದ ನಿಯಮವೆಂದೇ ವೈದ್ಯಲೋಕ ದಶಕಗಳ ಕಾಲ ನಂಬಿತ್ತು. 1980ರ ದಶಕದ ಆರಂಭದಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಆಲ್ಬರ್ಟ್ ಅಗುವಾಯೊ ಮತ್ತು ಸಂಗಡಿಗರು ಇಲಿಯ ಕಾಲಿನ ನರದ ತುಂಡನ್ನು ಅದರ ಬೆನ್ನುಹುರಿಗೆ ಕಸಿ ಮಾಡಿ, ಬೆನ್ನುಹುರಿಯ ನರತಂತುಗಳೂ ಆ ತುಂಡಿನೊಳಗೆ ಉದ್ದಕ್ಕೆ ಬೆಳೆಯಬಲ್ಲವೆಂದು ತೋರಿಸಿದರು. ಬೆಳೆಯುವ ಶಕ್ತಿ ಪೂರ್ತಿ ಸತ್ತಿಲ್ಲ, ಸುತ್ತಲಿನ ಪರಿಸರವೂ ಅದನ್ನು ತಡೆಯುತ್ತಿದೆ ಎಂಬುದು ಆಗ ತಿಳಿಯಿತು.

ಆ ತಡೆ ಯಾವುದೆಂದು ಹುಡುಕುವುದೇ ಮುಂದಿನ ಕೆಲಸವಾಯಿತು. ನರತಂತುವನ್ನು ಸುತ್ತಿರುವ ಮಯಲಿನ್ ಕವಚದಲ್ಲೇ ಬೆಳವಣಿಗೆಗೆ ಅಡ್ಡ ಬರುವ ಪ್ರೋಟೀನ್‌ಗಳಿವೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಮಾರ್ಟಿನ್ ಶ್ವಾಬ್ ಅವರ ತಂಡ 1988ರಲ್ಲಿ ತೋರಿಸಿತು. ಅವುಗಳಲ್ಲಿ ಮುಖ್ಯವಾದ ನೋಗೊ-ಎ ಎಂಬುದನ್ನು 2000ದಲ್ಲಿ ಗುರುತಿಸಲಾಯಿತು. ಪೆಟ್ಟಾದ ಜಾಗದಲ್ಲಿ ಕಟ್ಟುವ ಗಡುಸು ಕಲೆ ಇನ್ನೊಂದು ಅಡ್ಡಿ. ಅದರಲ್ಲಿರುವ ಸಕ್ಕರೆ-ಪ್ರೋಟೀನ್ ಸರಪಳಿಗಳನ್ನು ಕರಗಿಸುವ ಕಾಂಡ್ರಾಯ್ಟಿನೇಸ್ ಎಂಬ ಕಿಣ್ವವನ್ನು ಕೊಟ್ಟಾಗ ಇಲಿಗಳಲ್ಲಿ ಕೆಲವು ಚಲನೆಗಳು ಮರಳಿದ್ದನ್ನು ಇಂಗ್ಲೆಂಡಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದರು. ಇವೆಲ್ಲ ಗಟ್ಟಿ ಕೆಲಸಗಳು. ಯಾವುದನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ.

ಇಲಿಯಿಂದ ಮನುಷ್ಯನ ಕಡೆಗೆ ಬರುವಾಗ ಮಾತ್ರ ದಾರಿ ಕಡಿದಾಗುತ್ತದೆ. ನೋಗೊ-ಎ ಪ್ರೋಟೀನನ್ನು ತಡೆಯುವ ಪ್ರತಿಕಾಯವನ್ನು ಜರ್ಮನಿ, ಸ್ವಿಟ್ಜರ್ಲೆಂಡ್, ಸ್ಪೇನ್ ಮತ್ತು ಝೆಕ್ ಗಣರಾಜ್ಯದ ಆಸ್ಪತ್ರೆಗಳಲ್ಲಿ, ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾದ 126 ಜನರ ಮೇಲೆ ಪರೀಕ್ಷಿಸಿದರು. ಪೆಟ್ಟಾದ 4ರಿಂದ 28 ದಿನಗಳೊಳಗೆ ಚಿಕಿತ್ಸೆ ಆರಂಭಿಸಿ, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಚುಚ್ಚುಮದ್ದು ಕೊಟ್ಟು, ಆರು ತಿಂಗಳ ನಂತರ ಕೈಗಳ ಬಲವನ್ನು ಅಳೆದರು. 2024ರ ಕೊನೆಯಲ್ಲಿ ಹೊರಬಂದ ಫಲಿತಾಂಶದ ಪ್ರಕಾರ, ಎಲ್ಲರನ್ನೂ ಒಟ್ಟಾಗಿ ನೋಡಿದಾಗ ಔಷಧ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಕಾಣಲಿಲ್ಲ. ಪೆಟ್ಟು ಅಪೂರ್ಣವಾಗಿದ್ದವರಲ್ಲಿ, ಅಂದರೆ ಒಂದಿಷ್ಟು ನರತಂತುಗಳು ಉಳಿದಿದ್ದವರಲ್ಲಿ, ಸ್ವಲ್ಪ ಪ್ರಯೋಜನದ ಸೂಚನೆ ಕಂಡಿತು. ಅದು ಇನ್ನೂ ದೃಢಪಡಬೇಕು. ಜಪಾನಿನ ಕೇಯೊ ವಿಶ್ವವಿದ್ಯಾಲಯದವರು ಐಪಿಎಸ್ ಕೋಶಗಳಿಂದ (ಸಾಮಾನ್ಯ ದೇಹಕೋಶವನ್ನು ಮರಳಿ ಆಕರಕೋಶದಂತೆ ಮಾಡಿದ ಕೋಶಗಳಿಂದ) ತಯಾರಿಸಿದ, ಮುಂದೆ ನರಕೋಶವಾಗಬಲ್ಲ ಎಳೆಯ ಕೋಶಗಳನ್ನು ನಾಲ್ವರ ಬೆನ್ನುಹುರಿಗೆ ಸೇರಿಸಿ, ಇಬ್ಬರಲ್ಲಿ ಚಲನೆ ಸುಧಾರಿಸಿತೆಂದು 2025ರ ಮಾರ್ಚ್‌ನಲ್ಲಿ ತಿಳಿಸಿದರು. ಇದು ಸಂತೋಷದ ಸುದ್ದಿಯೇ. ಆದರೆ ಪೆಟ್ಟಾದ ಮೊದಲ ಆರು ತಿಂಗಳಲ್ಲಿ ಯಾವ ಕೋಶವನ್ನೂ ಹಾಕದೆಯೂ ಹಲವರು ತಾವಾಗಿ ಸುಧಾರಿಸುವುದುಂಟು. ಹೋಲಿಕೆಗೆ ಇನ್ನೊಂದು ಗುಂಪಿಲ್ಲದ ನಾಲ್ವರ ಫಲಿತಾಂಶದಿಂದ ಯಾವುದು ಔಷಧದ ಗುಣ, ಯಾವುದು ದೇಹದ ಗುಣ ಎಂದು ಬೇರ್ಪಡಿಸಲಾಗದು.

ಟಿವಿಯಲ್ಲಿ ತೋರಿಸಿದ, ವಿದ್ಯುತ್ ಪ್ರಚೋದನೆಯಿಂದ ಎದ್ದು ನಡೆದವರ ವಿಷಯವನ್ನೂ ಜನ ಇದರೊಡನೆ ಬೆರೆಸುತ್ತಾರೆ. ಅದು ಬೇರೆ ಮಾತು. ಅಮೆರಿಕದ ಲೂಯಿವಿಲ್‌ನ ಸುಸಾನ್ ಹಾರ್ಕೆಮಾ ಅವರ ತಂಡ 2011ರಲ್ಲಿ, ಸ್ವಿಟ್ಜರ್ಲೆಂಡಿನ ಲೂಸಾನ್‌ನ ಗ್ರೆಗ್ವಾರ್ ಕೂರ್ಟಿನ್ ಮತ್ತು ಜೊಸ್ಲಿನ್ ಬ್ಲಾಕ್ ಅವರ ತಂಡ 2018ರಲ್ಲಿ ಮತ್ತು 2022ರಲ್ಲಿ ತೋರಿಸಿದ್ದು ಕಡಿದ ನರ ಬೆಳೆದದ್ದನ್ನಲ್ಲ. ಪೆಟ್ಟಿನ ಕೆಳಗೆ ಸುಮ್ಮನೆ ಉಳಿದಿರುವ ಬೆನ್ನುಹುರಿಯ ಭಾಗವನ್ನು ವಿದ್ಯುತ್ತಿನಿಂದ ಎಬ್ಬಿಸಿ, ಅದರಿಂದ ಕಾಲಾಡಿಸಿದ್ದನ್ನು. ಶಸ್ತ್ರಚಿಕಿತ್ಸೆಯೇ ಇಲ್ಲದೆ ಕುತ್ತಿಗೆಯ ಚರ್ಮದ ಮೇಲಿಂದ ಪ್ರಚೋದನೆ ಕೊಡುವ ಯಂತ್ರವನ್ನು 60 ಜನರ ಮೇಲೆ ಪರೀಕ್ಷಿಸಿದಾಗ 72% ಮಂದಿಯಲ್ಲಿ ಕೈಯ ಬಲ ಮತ್ತು ಬಳಕೆ ಎರಡೂ ಸುಧಾರಿಸಿದವು. ಅವರಲ್ಲಿ ಪೆಟ್ಟಾಗಿ ಬಹಳ ವರ್ಷ ಕಳೆದವರೂ ಇದ್ದರು. ಅಮೆರಿಕದ ಔಷಧ ನಿಯಂತ್ರಕರು 2024ರ ಡಿಸೆಂಬರ್‌ನಲ್ಲಿ ಅದಕ್ಕೆ ಅನುಮತಿ ಕೊಟ್ಟರು. ನನ್ನ ಲೆಕ್ಕದಲ್ಲಿ ಸದ್ಯಕ್ಕೆ ನಮ್ಮ ರೋಗಿಗಳಿಗೆ ಎಲ್ಲಕ್ಕಿಂತ ಹತ್ತಿರದ ಆಸೆ ಇದೇ.

ಈ ಪ್ರಯೋಗಗಳ ವರದಿಯಲ್ಲಿ ಸುದ್ದಿಯಾಗದೆ ಉಳಿಯುವ ಒಂದು ಭಾಗವಿದೆ, ನನ್ನ ಪತ್ರದ ತಿರುಳೂ ಅದೇ. ಪ್ರಚೋದನೆ ಪಡೆದವರು ಯಂತ್ರ ಕೂರಿಸಿದ ಮರುದಿನ ಊರಿಗೆ ಹೋದವರಲ್ಲ. ವಾರಕ್ಕೆ ಹಲವು ದಿನದಂತೆ ತಿಂಗಳುಗಟ್ಟಲೆ ತರಬೇತಿ ಪಡೆದವರು. ಪ್ರಯೋಗಕ್ಕೆ ಆಯ್ಕೆ ಮಾಡುವಾಗಲೂ ಹಾಸಿಗೆ ಹುಣ್ಣು ಇರುವವರನ್ನು, ಮೂತ್ರದ ಸೋಂಕು ಹತೋಟಿಯಲ್ಲಿಲ್ಲದವರನ್ನು, ಕೀಲು ಬಿಗಿದು ಕಾಲು ನೀಡಲಾಗದವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮೇಲೆಲ್ಲೋ ಕಾಲುವೆ ಒಡೆದು ನೀರು ನಿಂತಾಗ ಕೆಳಗಿನ ಉಪಕಾಲುವೆಯಲ್ಲಿ ಹೂಳು ತುಂಬಿ ಜಾಲಿ ಬೆಳೆಯಲು ಬಿಟ್ಟರೆ, ಮುಂದೆ ಒಡೆದದ್ದನ್ನು ಕಟ್ಟಿ ನೀರು ಬಿಟ್ಟರೂ ಅದು ಹೊಲ ಮುಟ್ಟುವುದಿಲ್ಲ. ನರ ಬೆಳೆಸುವ ಔಷಧ ನಾಳೆಯೇ ಬಂದರೂ, ಐದು ವರ್ಷದಿಂದ ಮೊಣಕಾಲು ಮಡಚಿ ಗಟ್ಟಿಯಾದ, ಟೊಂಕದಲ್ಲಿ ಎಲುಬು ಕಾಣುವಷ್ಟು ಹುಣ್ಣಾದ ನಮ್ಮ ಯುವಕನಿಗೆ ಅದು ದಕ್ಕುವ ಹಾಗಿಲ್ಲ.

ಹಾಗಿದ್ದರೂ ಹೊಲ ಮಾರಲು ಹೊರಟವರನ್ನು ಎದುರು ನೋಡುತ್ತ ಕೂತವರು ಇದ್ದಾರೆ. ಸ್ಟೆಮ್ ಸೆಲ್, ಅಂದರೆ ಆಕರಕೋಶದ ಚುಚ್ಚುಮದ್ದಿನಿಂದ ಬೆನ್ನುಹುರಿಯ ಪೆಟ್ಟು ಗುಣವಾಗುತ್ತದೆಂದು ಮೊಬೈಲಿನಲ್ಲಿ ಜಾಹೀರಾತು ಕೊಟ್ಟು, ಒಂದು ಸುತ್ತಿಗೆ ಲಕ್ಷಗಳಲ್ಲಿ ಹಣ ಪಡೆಯುವ ಖಾಸಗಿ ಕೇಂದ್ರಗಳಿಗೆ ನಮ್ಮ ಭಾಗದವರು ಹೋಗಿ ಬರಿಗೈಯಲ್ಲಿ ಬಂದಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ರಕ್ತ ಸಂಬಂಧಿ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿಯಂಥ ಒಪ್ಪಿತ ಚಿಕಿತ್ಸೆ ಬಿಟ್ಟರೆ, ಆಕರಕೋಶಗಳನ್ನು ರೋಗಿಗೆ ಕೊಡುವುದು ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ. ಪ್ರಯೋಗವಾದರೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಅಂಥ ಪ್ರಯೋಗ ನಮ್ಮ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿರಲೇಬೇಕು, ಯಾರು ಬೇಕಾದರೂ ಅದನ್ನು ಅಂತರ್ಜಾಲದಲ್ಲಿ ಪುಕ್ಕಟೆ ನೋಡಬಹುದು. ನೋಂದಣಿ ಸಂಖ್ಯೆ ಕೇಳಿದಾಗ ಮಾತು ಮರೆಸುವವರಿಗೆ, ಹಣ ಮೊದಲೇ ಕಟ್ಟಿ ಎನ್ನುವವರಿಗೆ ಒಂದು ಗುಂಟೆಯನ್ನೂ ಮಾರಿ ಕೊಡಬಾರದು. ಪತ್ರಿಕೆಯವರಲ್ಲಿ ಇಲ್ಲೇ ಒಂದು ವಿನಂತಿ: ಇಂಥ ಸಂಶೋಧನೆಯ ಸುದ್ದಿ ಹಾಕುವಾಗ ಅದು ಇಲಿಯ ಮೇಲಿನದೋ ಮನುಷ್ಯರ ಮೇಲಿನದೋ, ಎಷ್ಟು ಜನರ ಮೇಲಿನದು, ಪೆಟ್ಟಾಗಿ ಎಷ್ಟು ಕಾಲವಾದವರ ಮೇಲಿನದು ಎಂಬ ಮೂರು ವಿವರಗಳನ್ನು ಮೊದಲ ಪ್ಯಾರಾದಲ್ಲೇ ಕೊಟ್ಟರೆ ಓದುಗರಿಗೆ ಬಹಳ ಉಪಕಾರವಾಗುತ್ತದೆ.

ಚೇತರಿಕೆಯ ಬಹುಪಾಲು ನಿರ್ಧಾರವಾಗುವುದು ಪೆಟ್ಟಾದ ಮೊದಲ ಗಂಟೆಗಳಲ್ಲಿ. ನಮ್ಮ ಕಡೆ ಬೆನ್ನುಹುರಿಗೆ ಪೆಟ್ಟಾಗುವುದು ಹೆದ್ದಾರಿಯಲ್ಲಷ್ಟೇ ಅಲ್ಲ. ಬೇಸಿಗೆಯ ಸೆಕೆಗೆ ಮಾಳಿಗೆಯ ಮೇಲೆ ಮಲಗಿ, ನಡುರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದು ಅಂಚು ಕಾಣದೆ ಬೀಳುತ್ತಾರೆ. ಹುಣಸೆಹಣ್ಣು ಬಡಿಯಲು ಮರ ಹತ್ತಿದವರು ಬೀಳುತ್ತಾರೆ. ಅಕ್ಕಿ ಗಿರಣಿಯಲ್ಲಿ ತಲೆಯ ಮೇಲೆ ಚೀಲ ಹೊತ್ತ ಹಮಾಲರು ಕಾಲು ಜಾರಿದಾಗ ಭಾರವೆಲ್ಲ ಕುತ್ತಿಗೆಯ ಮೇಲೆ ಬೀಳುತ್ತದೆ. ಬಿದ್ದವರನ್ನು ಇಬ್ಬರು ರಟ್ಟೆ ಹಿಡಿದು, ಇಬ್ಬರು ಕಾಲು ಹಿಡಿದು, ನಡು ಜೋತುಬೀಳುವಂತೆ ಎತ್ತಿ ಟಂಟಂನಲ್ಲಿ ಕೂರಿಸಿಕೊಂಡು ಹೋಗುವುದು ಇಂದಿಗೂ ನಡೆದಿದೆ. ಪ್ರೀತಿಯಿಂದ ಮಾಡುವ ಈ ಅವಸರವೇ ಅರ್ಧ ಉಳಿದಿದ್ದ ಬೆನ್ನುಹುರಿಯನ್ನು ಪೂರ್ತಿ ಕೆಡಿಸಬಲ್ಲದು. ಕಾಲು ಜುಮ್ಮೆನ್ನುತ್ತದೆ, ಆಡುತ್ತಿಲ್ಲ, ಕುತ್ತಿಗೆ ಅಥವಾ ಬೆನ್ನು ತಡೆಯಲಾರದಷ್ಟು ನೋಯುತ್ತದೆ ಎಂದು ಬಿದ್ದವರು ಹೇಳಿದರೆ ಅವರನ್ನು ಕೂರಿಸಬಾರದು, ಬಗ್ಗಿಸಬಾರದು, ಎಬ್ಬಿಸಿ ನೀರು ಕುಡಿಸಬಾರದು. 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಒಬ್ಬರು ತಲೆಯನ್ನು ಎರಡೂ ಕೈಯಿಂದ ಅಲುಗದಂತೆ ಹಿಡಿದಿರಬೇಕು. ಸರಿಸಲೇಬೇಕಾದರೆ ನಾಲ್ಕೈದು ಜನ ಸೇರಿ, ತಲೆ, ಭುಜ, ಸೊಂಟ ಒಂದೇ ನೇರದಲ್ಲಿ ಹೊರಳುವಂತೆ ಒಮ್ಮೆಗೇ ಹೊರಳಿಸಿ, ಬಾಗಿಲ ಹಲಗೆಯಂಥ ಗಟ್ಟಿ ಹಲಗೆಯ ಮೇಲೆ ಮಲಗಿಸಬೇಕು. ಜೋತುಬೀಳುವ ನುಲಿಯ ಹೊರಸು ಇದಕ್ಕೆ ಆಗುವುದಿಲ್ಲ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಬೀಳುವ ಕ್ಷಣದಲ್ಲಿ ಆಗುವ ಪೆಟ್ಟು ಮೊದಲನೆಯದು. ಆಮೇಲಿನ ಗಂಟೆಗಳಲ್ಲಿ ಬಾವು, ರಕ್ತಸ್ರಾವ, ರಕ್ತದೊತ್ತಡದ ಕುಸಿತ, ಆಮ್ಲಜನಕದ ಕೊರತೆಯಿಂದ ಸುತ್ತಲಿನ ಒಳ್ಳೆಯ ನರಕೋಶಗಳೂ ಸಾಯುತ್ತ ಹೋಗುವುದು ಎರಡನೆಯದು. ಮೊದಲನೆಯದನ್ನು ಯಾರೂ ತಿದ್ದಲಾರರು, ಎರಡನೆಯದನ್ನು ತಡೆಯಬಹುದು. ಮುರಿದ ಎಲುಬು ಬೆನ್ನುಹುರಿಯನ್ನು ಒತ್ತುತ್ತಿದ್ದರೆ 24 ಗಂಟೆಯೊಳಗೆ ಆ ಒತ್ತಡವನ್ನು ಬಿಡಿಸಿದವರಲ್ಲಿ ಫಲಿತಾಂಶ ಉತ್ತಮ ಎಂಬುದು 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಿಂದ ತಿಳಿದು, ಈಗ ಬಹುತೇಕ ಎಲ್ಲೆಡೆ ಅದೇ ಗುರಿಯಾಗಿದೆ. ಒಂದು ಕಾಲಕ್ಕೆ ಎಲ್ಲರಿಗೂ ಕೊಡುತ್ತಿದ್ದ ಮೀಥೈಲ್ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದಿನ ಲಾಭಕ್ಕಿಂತ ಅಪಾಯವೇ ಹೆಚ್ಚಿರಬಹುದೆಂದು ತಜ್ಞರು ಈಗ ಹಿಂಜರಿಯುತ್ತಾರೆ. ಸಿಂಧನೂರಿನ ತೋಟದಲ್ಲಿ ಬಿದ್ದವರು ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ, ಅಲ್ಲಿಂದ ಮುನ್ನೂರು ಕಿಲೊಮೀಟರ್‌ಗೂ ಮೀರಿದ ದೂರದ ಬೆಂಗಳೂರು ಎಂದು ಚೀಟಿ ಹಿಡಿದು ಅಲೆಯುವುದರಲ್ಲಿ ಆ 24 ಗಂಟೆ ಹೇಗೆ ಕರಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಶಸ್ತ್ರಚಿಕಿತ್ಸೆ ಮುಗಿದು, ಹೊಲಿಗೆ ಬಿಚ್ಚಿ, ಕೈಗೊಂದು ಡಿಸ್‌ಚಾರ್ಜ್ ಕಾಗದ ಕೊಟ್ಟು ಮನೆಗೆ ಕಳಿಸಿದ ಮೇಲೆ ನಿಜವಾದ ಕೆಲಸ ಶುರು. ಆ ಕಾಗದದಲ್ಲಿ ಪೆಟ್ಟಿನ ತೀವ್ರತೆಯನ್ನು ಹೇಳುವ, ಎ ಇಂದ ಇ ವರೆಗಿನ ಒಂದು ಇಂಗ್ಲಿಷ್ ಅಕ್ಷರ ಇರಬೇಕು. ಎ ಎಂದರೆ ಪೆಟ್ಟು ಪೂರ್ಣ, ಬೆನ್ನುಹುರಿಯ ಕೊನೆಯ ಭಾಗದಲ್ಲೂ ಸ್ಪರ್ಶ ಅಥವಾ ಚಲನೆ ಉಳಿದಿಲ್ಲ. ಬಿ, ಸಿ, ಡಿ ಎಂದರೆ ಒಂದಲ್ಲ ಒಂದು ಮಟ್ಟಕ್ಕೆ ಉಳಿದಿದೆ. ಗುದದ್ವಾರದ ಸುತ್ತ ಸೂಜಿಯ ಮೊನೆ ಮುಟ್ಟಿಸಿ ನೋಡುವ ಒಂದು ಸಣ್ಣ ಪರೀಕ್ಷೆಯ ಮೇಲೆ ಇದರ ಬಹುಪಾಲು ನಿಂತಿದೆ. ಮುಂದೆ ಎಷ್ಟು ಚೇತರಿಕೆ ನಿರೀಕ್ಷಿಸಬಹುದೆಂಬ ಅಂದಾಜು ಸಿಗುವುದು ಈ ಅಕ್ಷರದಿಂದಲೇ. ನನ್ನ ಬಳಿ ಬರುವ ಎಷ್ಟೋ ಮನೆಗಳವರಿಗೆ ಅದು ಗೊತ್ತೇ ಇರುವುದಿಲ್ಲ, ಕಾಗದದಲ್ಲೂ ಇರುವುದಿಲ್ಲ. ದಯವಿಟ್ಟು ಕೇಳಿ ಬರೆಸಿಕೊಳ್ಳಿ.

ಮನೆಯಲ್ಲಿ ಆಗುವ ಅನಾಹುತಗಳು ಅಜ್ಞಾನದಿಂದಲ್ಲ, ಯಾರೂ ಹೇಳಿಕೊಡದಿರುವುದರಿಂದ. ಕಾಲಿಗೆ ರಕ್ತ ಓಡಲೆಂದು ಕಾಸಿದ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಪಾದಕ್ಕೆ ಶಾಖ ಕೊಡುತ್ತಾರೆ. ಸ್ಪರ್ಶವೇ ಇಲ್ಲದ ಪಾದಕ್ಕೆ ಸುಟ್ಟದ್ದು ತಿಳಿಯುವುದಿಲ್ಲ, ಬೊಬ್ಬೆ ಒಡೆದು ವಾಸನೆ ಬಂದಾಗಲೇ ಮನೆಯವರಿಗೆ ಗೊತ್ತಾಗುತ್ತದೆ. ಹುಣ್ಣಾಗದಿರಲೆಂದು ಗಾಡಿಯ ಟ್ಯೂಬಿಗೆ ಗಾಳಿ ತುಂಬಿ ಟೊಂಕದ ಕೆಳಗೆ ಇಡುತ್ತಾರೆ. ಉಂಗುರದ ಸುತ್ತ ಒತ್ತಡ ಬಿದ್ದು ನಡುವಿನ ಚರ್ಮಕ್ಕೆ ರಕ್ತ ಹೋಗದೆ ಹುಣ್ಣು ಇನ್ನೂ ಬೇಗ ಆಗುತ್ತದೆ. ಬೇಕಾದದ್ದು ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುವುದು, ಮೀನಖಂಡದ ಕೆಳಗೆ ಮಡಚಿದ ಕೌದಿ ಇಟ್ಟು ಹಿಮ್ಮಡಿ ಹಾಸಿಗೆ ಮುಟ್ಟದಂತೆ ನೋಡುವುದು, ಕುರ್ಚಿಯಲ್ಲಿ ಕೂತವರು ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಕೈ ಊರಿ ಕುಂಡಿ ಎತ್ತುವುದು, ದಿನಕ್ಕೆರಡು ಬಾರಿ ಕನ್ನಡಿ ಹಿಡಿದು ಹಿಂಭಾಗದ ಚರ್ಮ ಕೆಂಪಾಗಿದೆಯೇ ಎಂದು ನೋಡುವುದು. ಬಿಗಿದ ಮೊಣಕಾಲನ್ನು ನಾಟಿ ವೈದ್ಯರಿಂದ ಬಲವಂತವಾಗಿ ಬಗ್ಗಿಸಿ ತೊಡೆಯ ಎಲುಬು ಮುರಿಸಿಕೊಂಡವರನ್ನು ನೋಡಿದ್ದೇನೆ. ಭಾರ ಹೊರದ ಕಾಲಿನ ಎಲುಬು ವರ್ಷದೊಳಗೆ ಸವೆದು ತೆಳುವಾಗಿರುತ್ತದೆ.

ಮೂತ್ರದ ವಿಷಯ ಇನ್ನೂ ಗಂಭೀರ. ಒಮ್ಮೆ ಹಾಕಿದ ಪೈಪನ್ನು ತಿಂಗಳುಗಟ್ಟಲೆ ಹಾಗೇ ಬಿಡುವ ಬದಲು, ಕೈ ತೊಳೆದುಕೊಂಡು ತೆಳುವಾದ ಕ್ಯಾಥೆಟರನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ತಾನೇ ಹಾಕಿ ಮೂತ್ರ ಖಾಲಿ ಮಾಡಿ ತೆಗೆಯುವ ವಿಧಾನ ಕಲಿತವರ ಮೂತ್ರಪಿಂಡಗಳು ಉಳಿಯುತ್ತವೆ. ಕಾರಟಗಿ ಕಡೆಯ ಒಬ್ಬ ಹೆಣ್ಣುಮಗಳು ಗಂಡನಿಗಾಗಿ ಇದನ್ನು ಮಧ್ಯಾಹ್ನವೊಂದರಲ್ಲಿ ಕಲಿತರು. ಮೊದಲ ಸಲ ಕೈ ನಡುಗಿತು, ಎರಡನೇ ಸಲ ಮೂತ್ರ ಪಾತ್ರೆಗೆ ಬಿದ್ದಾಗ ಗಂಡ ಹೆಂಡತಿ ಇಬ್ಬರೂ ನಕ್ಕರು. ಕೆಲವು ತಿಂಗಳಲ್ಲಿ ಆತ ತಾನೇ ಮಾಡಿಕೊಳ್ಳತೊಡಗಿದ, ಆಕೆ ಮತ್ತೆ ನಾಟಿ ಕೆಲಸಕ್ಕೆ ಹೋದರು. ಎದೆಯ ಮೇಲ್ಭಾಗ ಅಥವಾ ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವರಿಗೆ ಮೂತ್ರದ ಪೈಪು ಮುಚ್ಚಿಕೊಂಡರೆ ಒಮ್ಮೆಲೇ ರಕ್ತದೊತ್ತಡ ಏರಿ ತಲೆ ಸಿಡಿಯುತ್ತದೆ, ಮುಖ ಬೆವರುತ್ತದೆ. ಇದು ಪ್ರಾಣಕ್ಕೇ ಅಪಾಯ. ಕೂಡಲೇ ಎಬ್ಬಿಸಿ ಕೂರಿಸಿ, ಪೈಪು ಮಡಚಿದೆಯೇ ನೋಡಿ ಸರಿಪಡಿಸಬೇಕು, ಇಳಿಯದಿದ್ದರೆ ಆಸ್ಪತ್ರೆಗೆ ಓಡಬೇಕು. ಇಂಥವರಿಗೇ ಪೆಟ್ಟಿನ ಕೆಳಗಿನ ದೇಹ ಬೆವರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ, ತಗಡಿನ ಸೂರಿನ ಕೆಳಗೆ ಮಲಗಿದವರಿಗೆ ಬರುವ ‘ಜ್ವರ’ ಎಷ್ಟೋ ಸಲ ಸೋಂಕಲ್ಲ, ದೇಹ ತಣಿಯಲಾಗದೆ ಏರಿದ ಕಾವು. ಒದ್ದೆ ಬಟ್ಟೆ ಮತ್ತು ಫ್ಯಾನು ಅಲ್ಲಿ ಮಾತ್ರೆಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಇದು ಹೊಸ ಜ್ಞಾನವೇನಲ್ಲ. ಎರಡನೇ ಮಹಾಯುದ್ಧದವರೆಗೆ ಬೆನ್ನುಹುರಿ ಕಡಿದ ಬಹುಪಾಲು ಸೈನಿಕರು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕಿನಿಂದಲೇ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಹುರಿ ಘಟಕದ ಹೊಣೆ ಹೊತ್ತ ವೈದ್ಯ ಲುಡ್ವಿಗ್ ಗುಟ್‌ಮನ್ ಹೊಸ ಔಷಧ ಕಂಡುಹಿಡಿಯದೆ, ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸುವುದನ್ನೂ ಮೂತ್ರದ ಶುಚಿಯನ್ನೂ ಕಟ್ಟುನಿಟ್ಟಾಗಿ ಪಾಲಿಸಿ, ರೋಗಿಗಳನ್ನು ಕೆಲಸಕ್ಕೂ ಆಟಕ್ಕೂ ಹಚ್ಚಿ ಆ ಸಾವುಗಳನ್ನು ತಡೆದರು. ಇಂದಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿ 1948ರಲ್ಲಿ ನಡೆದ ಪಂದ್ಯಗಳಿಂದ. ಪಕ್ಕದ ತಮಿಳುನಾಡಿನ ವೆಲ್ಲೂರಿನಲ್ಲಿ, 1954ರ ಅಪಘಾತದಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಡಾ. ಮೇರಿ ವರ್ಗೀಸ್ ಅವರು ಗಾಲಿಕುರ್ಚಿಯಲ್ಲಿ ಕೂತೇ ಶಸ್ತ್ರಚಿಕಿತ್ಸೆ ಮಾಡಿದರು. ಅಲ್ಲಿನ ಪುನರ್ವಸತಿ ಸಂಸ್ಥೆ 1966ರಲ್ಲಿ ಆರಂಭವಾದದ್ದು ಅವರ ಶ್ರಮದಿಂದ. ದೆಹಲಿಯಲ್ಲಿ ಬೆನ್ನುಹುರಿ ಆಸ್ಪತ್ರೆಯನ್ನು ಕಟ್ಟಿದವರು, ಎವರೆಸ್ಟ್ ಏರಿದ ವರ್ಷವೇ, 1965ರ ಯುದ್ಧದಲ್ಲಿ ಗುಂಡು ತಾಗಿ ನಡೆಯಲಾಗದೆ ಹೋದ ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ನರ ಪುನರ್ವಸತಿ ವಿಭಾಗವಿದೆ. ಎಲ್ಲವೂ ಇವೆ, ನಮ್ಮಿಂದ ದೂರದಲ್ಲಿವೆ.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯಡಿ ಈ ಭಾಗಕ್ಕೆಂದೇ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿದೆ, ಅದರ ಕೈಯಲ್ಲಿ ಅನುದಾನವಿದೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ನಡೆದಿರುವ ಹೋರಾಟಕ್ಕೆ ನನ್ನ ಪೂರ್ಣ ಬೆಂಬಲವಿದೆ. ಆದರೆ ಬೆನ್ನುಹುರಿ ಘಟಕಕ್ಕೆ ಏಮ್ಸ್ ಬರುವವರೆಗೆ ಕಾಯಬೇಕಾದ ಅಗತ್ಯವಿಲ್ಲ. ಈ ಮೂರು ಕಾಲೇಜುಗಳಲ್ಲಿ ಒಂದರಲ್ಲಿ ಇಪ್ಪತ್ತು ಹಾಸಿಗೆಯ ವಾರ್ಡ್, ಒಬ್ಬ ಪುನರ್ವಸತಿ ವೈದ್ಯರು, ಫಿಸಿಯೋಥೆರಪಿಸ್ಟ್‌ಗಳು ಮತ್ತು ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಶನಲ್ ಥೆರಪಿಸ್ಟ್‌ಗಳು, ಹಾಸಿಗೆ ಹುಣ್ಣಿನ ಆರೈಕೆಯಲ್ಲಿ ತರಬೇತಿ ಪಡೆದ ದಾದಿಯರು, ಮೂತ್ರಕೋಶದೊಳಗಿನ ಒತ್ತಡ ಅಳೆಯುವ ಯಂತ್ರ, ಗಾಲಿಕುರ್ಚಿ ಮತ್ತು ಕಾಲಿಗೆ ಆಸರೆಯಾಗುವ ಕ್ಯಾಲಿಪರ್ ಅಳತೆಗೆ ತಕ್ಕಂತೆ ಮಾಡಿಕೊಡುವ ಕಮ್ಮಟ, ರೋಗಿಯ ಜೊತೆಗಿರುವವರಿಗೆ ಉಳಿಯಲು ಜಾಗ ಇದ್ದರೆ ಕೆಲಸ ಆರಂಭಿಸಬಹುದು. ಗಾಲಿಕುರ್ಚಿಯ ಬಗ್ಗೆ ಒಂದು ಮಾತು: ಸಮಾರಂಭಗಳಲ್ಲಿ ಎಲ್ಲರಿಗೂ ಒಂದೇ ಅಳತೆಯದನ್ನು ಹಂಚಿ ಫೋಟೊ ತೆಗೆಸಿಕೊಳ್ಳುವುದರಿಂದ ಹುಣ್ಣುಗಳು ಹೆಚ್ಚುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಶಸ್ತ್ರಚಿಕಿತ್ಸೆಯ ಬಿಲ್ಲಿಗೆ ನಿಲ್ಲದೆ, ನಂತರದ ಎರಡು ಮೂರು ತಿಂಗಳ ಒಳರೋಗಿ ಪುನರ್ವಸತಿಗೂ ಸಾಕಾಗುವಂತಿರಬೇಕು. ಕ್ಯಾಥೆಟರ್, ಮೂತ್ರದ ಚೀಲ, ಗಾಯದ ಪಟ್ಟಿಗಳು ತಾಲ್ಲೂಕು ಆಸ್ಪತ್ರೆಯಲ್ಲೇ ತಿಂಗಳಿಗೊಮ್ಮೆ ಉಚಿತವಾಗಿ ಸಿಗಬೇಕು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಂಗವಿಕಲರಿಗಾಗಿ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಈಗಾಗಲೇ ನಮ್ಮಲ್ಲಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿ ತುಂಬಿಸುವುದರ ಜೊತೆಗೆ ಮಗ್ಗಲು ಬದಲಿಸುವುದು, ಚರ್ಮ ನೋಡುವುದು, ಪೈಪಿನ ಶುಚಿ, ಕೀಲುಗಳ ವ್ಯಾಯಾಮ ಇವಿಷ್ಟನ್ನು ಅವರಿಗೆ ಕಲಿಸಲು ಒಂದು ವಾರ ಸಾಕು.

ಪ್ರದೇಶಾಭಿವೃದ್ಧಿ ಮಂಡಳಿಯ ಮುಂದಿನ ವರ್ಷದ ಕ್ರಿಯಾಯೋಜನೆ ಸಿದ್ಧವಾಗುವ ಮೊದಲು ಮೂರೂ ಜಿಲ್ಲೆಗಳ ಶಾಸಕರು ಕೂಡಿ ಈ ಘಟಕಕ್ಕೆ ಪ್ರಸ್ತಾವ ಸಲ್ಲಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ. ಅದು ಯಾವ ಊರಿಗೆ ಎಂಬ ಜಗಳ ಬಂದರೆ, ಬೆನ್ನೆಲುಬಿನ ಶಸ್ತ್ರಚಿಕಿತ್ಸೆ ಹಗಲಿರುಳು ನಡೆಯುವ ಆಸ್ಪತ್ರೆ ಯಾವುದೋ ಅದರ ಪಕ್ಕದಲ್ಲೇ ಇರಲಿ ಎಂಬುದು ನನ್ನ ಅಭಿಪ್ರಾಯ. ಸಲಕರಣೆಗಳ ಪಟ್ಟಿ, ಸಿಬ್ಬಂದಿಯ ಲೆಕ್ಕ, ತರಬೇತಿಯ ಪಠ್ಯ ತಯಾರಿಸಿಕೊಡಲು ಈ ಭಾಗದಲ್ಲಿ ಕೆಲಸ ಮಾಡುತ್ತಿರುವ ನಾವು ಕೆಲವರು ಯಾವ ಸಂಭಾವನೆಯೂ ಇಲ್ಲದೆ ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಫಿಸಿಯೋಥೆರಪಿಸ್ಟ್,
ಸಿಂಧನೂರು, ರಾಯಚೂರು ಜಿಲ್ಲೆ